ಅಣ್ಣ ಜೋಡಿಸಿದ ಮೊಳೆಗಳು

ಪ್ರೆಸ್ಸಿನಲ್ಲಿ ಕೆಲಸವೆಂದರೆ ಇಡೀ ದಿನ ಕೂತು ಪುಸ್ತಕ ಓದುವುದು ಎಂದು ಅಳದಂಗಡಿಯ ನಾವು ಮಕ್ಕಳೆಲ್ಲ ತಿಳಿದಿದ್ದೆವು. 1958ರಲ್ಲಿ ನನ್ನ ದೊಡ್ಡಣ್ಣ ಮಂಗಳೂರಿನ ಒಂದು ದೊಡ್ಡ ಪ್ರಕಟಣ ಸಂಸ್ಥೆಯ ಅಚ್ಚುಕೂಟಕ್ಕೆ ಸೇರಿದಾಗ ನನಗೆ ಏಳು ವರ್ಷ. ಮೊದಲ ಸಲ ಊರಿಗೆ ಬಂದಾಗ ಅವನ ಬೆರಳ ತುದಿಗಳು ಕಪ್ಪಾಗಿದ್ದವು. ಅಮ್ಮ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗಲಿಲ್ಲ. "ಎಷ್ಟು ಪುಸ್ತಕ ಓದಿದೆ?" ಎಂದು ಕೇಳಿದೆ. "ಒಂದೂ ಇಲ್ಲ ಮಾರಾಯ, ಅಕ್ಷರ ಮಾತ್ರ ನೋಡಿದ್ದು" ಎಂದ.

ಈಗಿನ ಮಕ್ಕಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಒಂದೊಂದು ಅಕ್ಷರವೂ ಸೀಸ ಬೆರೆತ ಲೋಹದ ಒಂದು ಸಣ್ಣ ಮೊಳೆ. ಮೊಳೆಯ ತಲೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡಿರುತ್ತದೆ. ಇಂಗ್ಲಿಷಿಗಾದರೆ ಇಪ್ಪತ್ತಾರು ಅಕ್ಷರ, ದೊಡ್ಡದು ಸಣ್ಣದು ಎಂದು ಎರಡು ಪಟ್ಟು, ಅಲ್ಲಿಗೆ ಬಹುಪಾಲು ಮುಗಿಯಿತು. ನಮಗೆ ಕಾಗುಣಿತ, ಒತ್ತಕ್ಷರ ಎಲ್ಲ ಬೇಕು. ಮರದ ಕೇಸಿನ ನೂರಾರು ಗೂಡುಗಳಲ್ಲಿ ಯಾವುದು ಎಲ್ಲಿದೆ ಎಂದು ಕೈಗೇ ಗೊತ್ತಿರಬೇಕು. ಎಡಗೈಯಲ್ಲಿ ಸ್ಟಿಕ್ ಎಂಬ ಸಣ್ಣ ತಟ್ಟೆ ಹಿಡಿದು ಬಲಗೈಯಿಂದ ಮೊಳೆ ಹೆಕ್ಕಿ ಸಾಲು ಜೋಡಿಸುವುದು. ಅಚ್ಚಾದ ಮೇಲೆ ಅಷ್ಟನ್ನೂ ಬಿಚ್ಚಿ ಆಯಾ ಗೂಡಿಗೆ ಹಾಕುವುದು. ಹೊಸಬರಿಗೆ ಮೊದಲು ಸಿಗುವುದು ಈ ಬಿಚ್ಚುವ ಕೆಲಸ. ಅಣ್ಣ ಆರು ತಿಂಗಳು ಇದನ್ನೇ ಮಾಡಿದ. 'ವ' ಗೂಡಿಗೆ 'ಪ' ಬಿತ್ತೆಂದರೆ ಮರುದಿನ ಯಾರದೋ ಪುಸ್ತಕದಲ್ಲಿ ದೇವರು ದೇಪರಾಗುತ್ತಾನೆ.

ಪುಟಗಳನ್ನು ಒಂದೊಂದಾಗಿ ಅಚ್ಚು ಹಾಕುವುದೂ ಇಲ್ಲ. ಒಂದು ದೊಡ್ಡ ಹಾಳೆಯ ಎರಡು ಬದಿಗೆ 16 ಪುಟ ಹಿಡಿಸುತ್ತಾರೆ. ನೀವೇ ಮಾಡಿ ನೋಡಿ. ಒಂದು ಹಾಳೆಯನ್ನು ಮೂರು ಸಲ, ಪ್ರತಿ ಸಲವೂ ಉದ್ದದ ಬದಿ ಅರ್ಧವಾಗುವಂತೆ ಮಡಚಿ. ಹರಿಯದೆ, ಮೂಲೆಗಳಲ್ಲಿ 1ರಿಂದ 16ರ ತನಕ ಪುಟಸಂಖ್ಯೆ ಬರೆದು ಹಾಳೆ ಬಿಡಿಸಿ. ಒಂದು ಬದಿಯಲ್ಲಿ 1, 4, 5, 8, 9, 12, 13, 16 ಸಿಗುತ್ತವೆ, ಅರ್ಧದಷ್ಟು ತಲೆಕೆಳಗಾಗಿ. ಈ ಲೆಕ್ಕ ತಪ್ಪಿದರೆ ಸಾವಿರಾರು ಹಾಳೆ ರದ್ದಿಗೆ.

ದೊಡ್ಡ ಸಂಸ್ಥೆಯಲ್ಲಿ ಒಬ್ಬನೇ ಒಂದು ಪುಸ್ತಕ ಮಾಡುವುದು ಎಂಬುದಿಲ್ಲ. ಜೋಡಿಸುವವರು, ಕರಡು ತಿದ್ದುವವರು, ಯಂತ್ರದವರು, ಬೈಂಡಿಂಗಿನವರು ಎಲ್ಲ ಬೇರೆ ಬೇರೆ. ಒಂದು ಕಾದಂಬರಿಯನ್ನು ಏಳೆಂಟು ಜನರಿಗೆ ಹಂಚುತ್ತಿದ್ದರು. ಒಮ್ಮೆ ಅಣ್ಣನ ಪಾಲಿಗೆ ಬಂದ ಪುಟಗಳು ಮಳೆಗಾಲದ ಹೊಳೆಯಲ್ಲಿ ದೋಣಿ ಮಗುಚುವಲ್ಲಿಗೆ ಮುಗಿದವು. ಹುಡುಗ ಬದುಕಿದನೋ ಇಲ್ಲವೋ ತಿಳಿಯಲಿಕ್ಕೆ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಪಕ್ಕದವನನ್ನು ಕೇಳಿದನಂತೆ. ಪಕ್ಕದವನಿಗೆ ಸಿಕ್ಕಿದ್ದು ಮೂವತ್ತು ಪುಟ ಮುಂದಿನದು. ಅಲ್ಲಿ ಹುಡುಗನ ಹೆಸರೇ ಇರಲಿಲ್ಲ. ಇಬ್ಬರೂ ಸೇರಿ ಮೂರನೆಯವನನ್ನು ಹುಡುಕಿದರು. ಬದುಕಿದ್ದ.

ಮಂಗಳೂರಿಗೆ ಈ ಕಸುಬು ಹಳೆಯದು. ಬಾಸೆಲ್ ಮಿಶನ್ ಅಲ್ಲಿ ಪ್ರೆಸ್ಸು ಇಟ್ಟದ್ದು 1841ರಲ್ಲಿ. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ, 1,700ಕ್ಕೂ ಹೆಚ್ಚು ಪುಟ. ಕಿಟೆಲ್ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆ ಪುಟಗಳ ಮೊಳೆ ಒಂದೊಂದಾಗಿ ಹೆಕ್ಕಿದವರು ಯಾರೆಂದು ಅಣ್ಣ ಆಗಾಗ ಕೇಳುತ್ತಿದ್ದ. ನಾನು ಬ್ಯಾಂಕಿನವ. ನನ್ನ ಕೆಲಸದಲ್ಲಿ ಪ್ರತಿ ಓಚರಿಗೂ ಸಣ್ಣ ರುಜು ಇತ್ತು. ಅಣ್ಣನದ್ದು ಎಲ್ಲಿಯೂ ಇಲ್ಲ.

ಜೂನ್‌ನಲ್ಲಿ ಶಾಲೆ ಸುರುವಾಗುವ ಕಾರಣ ಏಪ್ರಿಲ್, ಮೇ ತಿಂಗಳಲ್ಲಿ ಪ್ರೆಸ್ಸಿಗೆ ರಾತ್ರಿ ಹಗಲು ಇಲ್ಲ. ನಮ್ಮ ಕಡೆ ಮದುವೆ, ನೇಮ, ಹಲಸಿನ ಹಪ್ಪಳ ಎಲ್ಲ ಅದೇ ಹೊತ್ತಿಗೆ. 1969ರ ಮೇಯಲ್ಲಿ ಅಕ್ಕನ ಮದುವೆಗೆ ಅಣ್ಣ ಬೆಳಿಗ್ಗೆ ಬಂದು, ಧಾರೆ ಮುಗಿದ ಕೂಡಲೇ ಹೊರಟ. ಊಟಕ್ಕೆ ಎಲೆ ಹಾಕುವ ಮೊದಲೇ ಗುರುವಾಯನಕೆರೆಯ ಬಸ್ಸು ಹಿಡಿಯಬೇಕಿತ್ತು. ಅಮ್ಮ ಬಾಳೆಲೆಯಲ್ಲಿ ಹೋಳಿಗೆ ಕಟ್ಟಿಕೊಟ್ಟು ಅಂಗಳದ ತುದಿಯಲ್ಲೇ ನಿಂತಳು. ಆ ಸಲದ ಓವರ್‌ಟೈಮಿನ ದುಡ್ಡು ಬಂದದ್ದು ನನ್ನ ಬಿ.ಕಾಂ. ಫೀಸಿಗೆ.

1990ರ ದಶಕದ ನಡುವಿಗೆ ಸಂಸ್ಥೆ ಮೊಳೆ ವಿಭಾಗವನ್ನು ಮುಚ್ಚಿತು. ಮೊಳೆಗಳನ್ನು ಕರಗಿಸಲು ತೂಕಕ್ಕೆ ಕೊಟ್ಟರು. ಹಣ ಪಡೆದು ಹೋಗಬಹುದು, ಅಥವಾ ಮೂರು ತಿಂಗಳಲ್ಲಿ ಕಂಪ್ಯೂಟರ್ ಕಲಿಯಬಹುದು ಎಂದರು. ಅಣ್ಣನಿಗೆ ಐವತ್ತನಾಲ್ಕು ದಾಟಿತ್ತು, ಇಬ್ಬರು ಹೆಣ್ಣುಮಕ್ಕಳು ಕಾಲೇಜಿನಲ್ಲಿ. ನಮ್ಮ ಬ್ಯಾಂಕಿಗೂ ಕಂಪ್ಯೂಟರ್ ಬಂದಿತ್ತು. ಆದರೆ ನಮಗೆ ಯೂನಿಯನ್ ಇತ್ತು, ಯಾರ ಕುರ್ಚಿಯೂ ಹೋಗಲಿಲ್ಲ. ನ್ಯಾಯ ಹೇಳುವುದಾದರೆ ಮೂರು ತಿಂಗಳು ತೀರಾ ಕಡಿಮೆ. ಜೊತೆಗಿದ್ದ ಹದಿನಾಲ್ಕು ಮಂದಿಯಲ್ಲಿ ಉಳಿದವರು ಮೂವರು.

ಅಣ್ಣ ಉಳಿದದ್ದಕ್ಕೆ ನಮ್ಮ ಜಿಲ್ಲೆಯವರೇ ಒಬ್ಬರು ಕಾರಣ, ಕಿನ್ನಿಕಂಬಳದ ಕೆ.ಪಿ. ರಾವ್. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಕನ್ನಡ ತಂತ್ರಾಂಶ ಮಾಡಿದವರು ಅವರು. ಅವರ ಕೀಲಿಮಣೆಯಲ್ಲಿ 'ಕ' ಬೇಕಾದರೆ ಇಂಗ್ಲಿಷಿನ ಕೆ, 'ಮ' ಬೇಕಾದರೆ ಎಂ. ಒತ್ತಕ್ಷರಕ್ಕೆ ನಡುವೆ ಇನ್ನೊಂದು ಕೀಲಿ ಒತ್ತಿದರಾಯಿತು. ನೂರಾರು ಗೂಡು ಒಂದು ಹಲಗೆಗೆ ಇಳಿದಿದ್ದವು. "ಗೂಡು ಕಡಿಮೆ, ಅದೇ ತೊಂದರೆ" ಎನ್ನುತ್ತಿದ್ದ ಅಣ್ಣ. ಮೊದಮೊದಲು ಎಡಗೈ ಕೀಲಿಗೆ ಬರಲೊಪ್ಪದೆ ಸ್ಟಿಕ್ ಹಿಡಿದ ಹಾಗೆಯೇ ಎದೆಯ ಮುಂದೆ ನಿಂತಿರುತ್ತಿತ್ತಂತೆ. ಅವನ ಟೈಪಿಂಗ್ ಕೊನೆಗೂ ನಿಧಾನವೇ. ಆದರೆ ತಪ್ಪು ಬಲು ಕಡಿಮೆ ಎಂದು ಕರಡು ತಿದ್ದುವ ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದ.

ಈಗ ಅವನಿಗೆ ಎಂಬತ್ತೈದರ ಮೇಲೆ. ನಮ್ಮ ಮನೆಗೆ ಬರುವ ವಾರಪತ್ರಿಕೆ ಮೊದಲು ಅವನ ಕೈಗೆ. ಪೆನ್ಸಿಲು ಹಿಡಿದು ಅಂಚಿನಲ್ಲಿ ಗುರುತು ಹಾಕಿಯೇ ಮಕ್ಕಳಿಗೆ ಕೊಡುವುದು. ಹೋದ ವಾರ ಎರಡು ಸಿಕ್ಕಿದವು. ಈ ಬರಹವನ್ನೂ ತೋರಿಸಿದೆ. ಒಂದು ದೀರ್ಘ ಸರಿಪಡಿಸಿದ. ಅವನನ್ನು ಹೊಗಳಿ ನಾನು ಬರೆದಿದ್ದ ಒಂದು ಪ್ಯಾರಾದ ಮೇಲೆ ಅಡ್ಡಗೆರೆ ಎಳೆದು, "ಜಾಗ ಸಾಲುವುದಿಲ್ಲ" ಎಂದ.