ಹ್ವಾನ್ ಗಯಾರ್ಡೊ ಮತ್ತು ನಾನು

ಕಳೆದ ದಸರೆಯ ರಜೆಗೆ ಊರಿಗೆ ಹೊರಟಾಗ ಕಾಲೇಜಿನ ಪುಸ್ತಕಭಂಡಾರದಿಂದ ಒಂದು ಹಳೆಯ ಕಾದಂಬರಿಯನ್ನು ಒಯ್ದಿದ್ದೆ. ಸ್ಪೇನಿನ ವಿಸೆಂಟೆ ಬ್ಲಾಸ್ಕೊ ಇಬಾನ್ಯೆಜ್ 1908ರಲ್ಲಿ ಬರೆದ ‘ರಕ್ತ ಮತ್ತು ಮರಳು’ ಎಂಬುದರ ಇಂಗ್ಲಿಷ್ ಅನುವಾದವದು. 1922ರಲ್ಲಿ ರುಡಾಲ್ಫ್ ವ್ಯಾಲಂಟಿನೊ, 1941ರಲ್ಲಿ ಟೈರೋನ್ ಪವರ್ ನಾಯಕರಾಗಿ ಇದು ಚಲನಚಿತ್ರವೂ ಆಗಿದೆ. ಗೂಳಿಕಾಳಗದ ರೋಮಾಂಚನ ದೊರೆತೀತೆಂದು ಓದತೊಡಗಿದೆ.

ಕಥಾನಾಯಕ ಹ್ವಾನ್ ಗಯಾರ್ಡೊ ಸೆವಿಲ್ ನಗರದ ಬಡವನೊಬ್ಬನ ಮಗ. ತಂದೆ ಹಳೆಯ ಜೋಡು ಹೊಲಿದು ಬದುಕಿದವನು. ಮಗನಾದರೋ ಕತ್ತಿ ಹಿಡಿದು ಗೂಳಿಯ ಮುಂದೆ ನಿಂತೇ ಮೇಲೇರಿದ. ಹಣ ಬಂತು, ಹೆಸರು ಬಂತು, ಜಮೀನೂ ಬಂತು. ಬಾಲ್ಯದಿಂದ ಬಲ್ಲ ಕಾರ್ಮೆನ್ ಮಡದಿಯಾದಳು. ಆಮೇಲೆ ಡೋನ್ಯಾ ಸೋಲ್ ಎಂಬ ಸಿರಿವಂತ ಮನೆತನದ ಹೆಣ್ಣು ಅವನ ಬಾಳನ್ನು ಹೊಕ್ಕಳು. ಅವಳಿಗೆ ಅವನೊಂದು ಹೊಸ ಬಗೆಯ ವಿನೋದ, ಬೇಸರವಾದೊಡನೆ ಹೊರಟುಹೋದಳು. ಗೂಳಿ ತಿವಿದು ಮಲಗಿದಾಗ ಆರೈಕೆಗೆ ಉಳಿದವರು ಹೆಂಡತಿ ಮತ್ತು ತಾಯಿ. ಮರಳಿ ಕಣಕ್ಕಿಳಿದಾಗ ಧೈರ್ಯ ಕುಗ್ಗಿತ್ತು. ಜಯಘೋಷ ಮಾಡಿದ ಜನರೇ ಮೂದಲಿಸಿದರು. ಕೊನೆಗೆ ಮ್ಯಾಡ್ರಿಡ್ಡಿನ ಕಣದಲ್ಲಿ ಪ್ರಾಣಬಿಟ್ಟ.

ಇದು ಇಬ್ಬರು ಹೆಂಗಸರ ನಡುವೆ ಸಿಕ್ಕಿಬಿದ್ದ ಗಂಡಸಿನ ಕಥೆ ಎನ್ನಬಹುದು. ನನಗೆ ಅಷ್ಟೇ ಎನಿಸಲಿಲ್ಲ. ಕಾರ್ಮೆನ್ ಅವನು ಹುಟ್ಟಿ ಬೆಳೆದ ಬೀದಿ. ಡೋನ್ಯಾ ಸೋಲ್ ಅವನು ಹೊಗಬಯಸಿದ ದೊಡ್ಡ ಮನೆ. ಆ ಮನೆಯವರು ತನ್ನನ್ನು ತಮ್ಮವನೆನ್ನಲಿ ಎಂಬ ಹಂಬಲದಲ್ಲಿ ತನ್ನವರನ್ನೇ ನೋಯಿಸಿದ.

ಈ ಹಂಬಲ ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಅಪ್ಪ ಒಂದು ಗಂಟು ಹುರಿಗಾಳು ಹೊತ್ತು ವಿದ್ಯಾರ್ಥಿನಿಲಯಕ್ಕೆ ಬಂದಿದ್ದರು. ಮೊಣಕಾಲ ಮೇಲಿನ ಪಂಚೆ, ಹೆಗಲ ಮೇಲೆ ಕಂಬಳಿ. “ಯಾರೋ ಇವರು?” ಎಂದು ಪೇಟೆಯ ಗೆಳೆಯನೊಬ್ಬ ಕೇಳಿದ. “ನಮ್ಮೂರಿನವರು” ಎಂದೆ. ಅಪ್ಪನಿಗೆ ಕೇಳಿಸಿತ್ತು. “ಬರ್ತೀನಪ್ಪ, ಬಸ್ಸಿಗೆ ಹೊತ್ತಾಯ್ತು” ಎಂದು ಎದ್ದರು.

ಗಯಾರ್ಡೊನ ತಂಡದಲ್ಲಿ ‘ನ್ಯಾಷನಲ್’ ಎಂಬ ಅಡ್ಡಹೆಸರಿನ ಸಹಾಯಕನೊಬ್ಬನಿದ್ದಾನೆ. ಜನರಿಗೆ ಓದುಬರಹವಿಲ್ಲದ್ದೇ ಕೇಡಿಗೆಲ್ಲ ಮೂಲವೆಂಬುದು ಅವನ ನಂಬಿಕೆ. ಒಳ್ಳೆಯ ಮಾತೇ. ಆದರೆ ನಮ್ಮ ಮನೆಯಲ್ಲಿ ಮೊದಲು ಕಾಲೇಜು ಕಂಡವನು ನಾನು. ಆ ದಿನ ಹಾಗೆ ನುಡಿದವನೂ ನಾನೇ!

ರಜೆಯಲ್ಲಿ ಒಂದು ರಾತ್ರಿ ಅಪ್ಪನಿಗೆ ಈ ಕಥೆ ಹೇಳಿದೆ. ಎಲ್ಲವನ್ನೂ ಕೇಳಿ, “ಅವನ ಹೆಂಡ್ತಿ ಗತಿ ಏನಾಯ್ತೊ, ಪಾಪ?” ಎಂದರು. ವೀರನ ಸಾವಿಗೆ ಮರುಗುತ್ತಿದ್ದ ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಈ ಸಲದ ವಾರ್ಷಿಕೋತ್ಸವಕ್ಕೆ ಅಪ್ಪನನ್ನು ಕರೆದಿದ್ದೇನೆ. ಅದೇ ಕಂಬಳಿಯಲ್ಲೇ ಬರುತ್ತಾರೆ. “ಯಾರೋ ಇವರು?” ಎಂದು ಗೆಳೆಯರು ಮತ್ತೊಮ್ಮೆ ಕೇಳಲಿ ಎಂಬುದೇ ನನ್ನ ಆಸೆ.