ಎರೆನೆಲದ ಶಾಲೆಗೆ ಬಾನಿನಿಂದ ಬಂದ ಪಾಠ

ವಿಜಯಪುರವನ್ನು ಬಿಟ್ಟು ಸಿಂದಗಿ, ಜೇವರ್ಗಿಗಳ ಮಾರ್ಗವಾಗಿ ಕಲಬುರಗಿಯತ್ತ ಹೊರಟ ಪ್ರವಾಸಿಗನಿಗೆ ಗೋಲಗುಮ್ಮಟವು ಬಹುದೂರದವರೆಗೆ ಬೆನ್ನ ಹಿಂದೆ ಕಾಣಿಸುತ್ತಲೇ ಇರುತ್ತದೆ. ಅದೂ ಮರೆಯಾದ ಮೇಲೆ ಕಣ್ಣಿಗೆ ಉಳಿಯುವುದು ನೆಲ ಮತ್ತು ಆಕಾಶ, ಎರಡೇ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡದ ಎರೆಮಣ್ಣು, ಬೇಸಗೆಯಲ್ಲಿ ಬಾಯ್ದೆರೆದು ಬಿರಿಯುತ್ತದೆ. ಚಳಿಗಾಲದಲ್ಲಿ ಮಾತ್ರ ಬಿಳಿಜೋಳದ ತೆನೆಗಳನ್ನು ಹೊತ್ತು ಸೌಮ್ಯವಾಗಿರುತ್ತದೆ. ಕಲಬುರಗಿಯ ಸೀಮೆ ಸಮೀಪಿಸಿದಂತೆ ಜೋಳದ ಜೊತೆಗೆ ತೊಗರಿಯ ಹೊಲಗಳು ಹಬ್ಬುತ್ತವೆ. ನಡುನಡುವೆ ಒಂದು ಊರು, ಊರಿಗೊಂದು ಶಾಲೆ, ಶಾಲೆಯ ಪಡಸಾಲೆಗೆ ಶಹಾಬಾದಿನ ಹಾಸುಗಲ್ಲು. ಇದರಲ್ಲಿ ನೋಡತಕ್ಕದ್ದೇನು ಎಂದು ಯಾತ್ರಿಕನು ಮುಂದೆ ಸಾಗಿದರೆ ಅವನನ್ನು ದೂರುವಂತಿಲ್ಲ.

ಆದರೆ ಬೆಂಗಳೂರಿನ ಸುಶಿಕ್ಷಿತ ಸಂಸಾರಗಳಿಗೆ ಕೊಂಚ ಅಚ್ಚರಿ ತರುವ ಸಂಗತಿಯೊಂದುಂಟು. ರಾಜಧಾನಿಗೆ ತನ್ನದೇ ಆದ ದೂರದರ್ಶನ ಕೇಂದ್ರ ದೊರೆತದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ, ಈ ಎರೆನೆಲದ ಅನೇಕ ಹಳ್ಳಿಗಳ ಮಕ್ಕಳು ಹಾಸುಗಲ್ಲಿನ ಮೇಲೆ ಚಕ್ಕಂಬಟ್ಟಲು ಹಾಕಿ ಕುಳಿತು ಕನ್ನಡದಲ್ಲಿ ದೂರದರ್ಶನದ ಪಾಠ ನೋಡುತ್ತಿದ್ದರು!

‘ಸೈಟ್’ ಎಂಬ ಚಿಕ್ಕ ಹೆಸರಿನಿಂದ ಪ್ರಸಿದ್ಧವಾದ ಈ ಪ್ರಯೋಗದ ಕನಸನ್ನು ಕಂಡವರಲ್ಲಿ ವಿಕ್ರಮ ಸಾರಾಭಾಯಿ ಅಗ್ರಗಣ್ಯರು. 1971ರಲ್ಲಿಯೇ ಕಾಲವಾದ ಅವರಿಗೆ ಅದನ್ನು ಕಣ್ಣಾರೆ ನೋಡುವ ಯೋಗ ಇರಲಿಲ್ಲ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದಕ್ಕಾಗಿ ಆಯ್ಕೆಯಾದವು. ಕರ್ನಾಟಕದ ಪಾಲಿಗೆ ಬಂದವು ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಊರುಗಳು. ಉಪಗ್ರಹವು ಅಮೆರಿಕದ ‘ನಾಸಾ’ ಒಂದು ವರ್ಷದ ಮಟ್ಟಿಗೆ ಕೊಟ್ಟ ಎರವಲು. ನೆಲದ ಮೇಲಿನ ವೆಚ್ಚದ ಬಹುಪಾಲು ಭಾರತದ ಪ್ರಜೆಗಳ ಹಣ.

ಎರವಲು ಬಂದ ಆ ಉಪಗ್ರಹ, ಎ.ಟಿ.ಎಸ್.-6, ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಪೂರ್ವ ಆಫ್ರಿಕದ ಸಮಭಾಜಕ ವೃತ್ತದ ನೆತ್ತಿಯಲ್ಲಿ ನೆಲೆಯಾಗಿ ನಿಂತಿತ್ತು. ಅಂತರಿಕ್ಷದಲ್ಲಿ ಅದು ಬಿಚ್ಚಿಕೊಂಡ ಕೊಡೆಯ ಅಗಲವೇ ಒಂಬತ್ತು ಮೀಟರಿಗೂ ಮಿಗಿಲು. ಮೇಲಿನ ಕೊಡೆ ದೊಡ್ಡದಾದುದರಿಂದಲೇ ಕೆಳಗಿನದು ಚಿಕ್ಕದಾಗಿರಲು ಸಾಧ್ಯವಾಯಿತು. ಕೋಳಿಗೂಡಿಗೆ ಬಿಗಿಯುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಬೋಗುಣಿಯೊಂದು ಊರಿನ ಶಾಲೆಯ ಬಳಿಯೋ ಪಂಚಾಯತಿಯ ಕಟ್ಟಡದ ಬಳಿಯೋ ನಿಂತು, ಪಶ್ಚಿಮಕ್ಕೆ ತುಸು ದಕ್ಷಿಣವಾಗಿ ಮುಖವೆತ್ತಿ, ಅರ್ಧ ಆಕಾಶದಷ್ಟು ಎತ್ತರಕ್ಕೆ ದಿಟ್ಟಿಸುತ್ತಿತ್ತು. ದೂರದರ್ಶನದ ಪೆಟ್ಟಿಗೆಗಳು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನ ತಯಾರಿಕೆ. ವಿದ್ಯುತ್ತಿಲ್ಲದ ಕೆಲವು ಹಳ್ಳಿಗಳಲ್ಲಿ ಅವು ಬ್ಯಾಟರಿಯ ಬಲದಿಂದ ಬೆಳಗುತ್ತಿದ್ದವು.

ಪಾಠವೇ ಮಾಡುತ್ತಿದ್ದ ಪ್ರವಾಸವಂತೂ ಯಾವ ಯಾತ್ರಿಕನ ಪ್ರವಾಸಕ್ಕೂ ಕಡಿಮೆಯದಲ್ಲ. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. ಧ್ವನಿಚಿತ್ರಗಳ ಸುರುಳಿ ಅಲ್ಲಿಂದ ಅಹಮದಾಬಾದಿನ ಭೂಕೇಂದ್ರಕ್ಕೆ ಹೋಗಬೇಕು. ಭೂಕೇಂದ್ರದಿಂದ ಅಲೆಗಳಾಗಿ ಮೇಲೇರಿ, ಆಫ್ರಿಕದ ನೆತ್ತಿಯಿಂದ ಮರಳಿ, ಜೇವರ್ಗಿಯ ಸೀಮೆಯಂಥ ಎರೆಹೊಲಗಳ ನಡುವಿನ ತಂತಿಬಲೆಗೆ ಇಳಿಯಬೇಕು. ಹೈದರಾಬಾದಿನಿಂದ ಕಲಬುರಗಿಗೆ ರೈಲಿನಲ್ಲಿ ಹೊರಟವನು ಅದೇ ದಿನ ತಲಪುತ್ತಾನೆ. ಆದರೆ ರೈಲು ಒಂದೇ ಊರನ್ನು ತಲಪಿದರೆ, ಈ ಅಲೆ ಅಷ್ಟೂ ಹಳ್ಳಿಗಳನ್ನು ಒಂದೇ ಕ್ಷಣದಲ್ಲಿ ಮುಟ್ಟುತ್ತಿತ್ತು!

ಬೆಳಗಿನ ಹೊತ್ತು ಶಾಲೆಗಳಿಗಾಗಿ ಮೀಸಲಾಗಿದ್ದುದು ಒಂದೂವರೆ ಗಂಟೆ. ಹಿಂದಿ, ಒರಿಯಾ, ತೆಲುಗು, ಕನ್ನಡ, ಈ ನಾಲ್ಕು ಭಾಷೆಗಳಿಗೆ ಅದನ್ನು ಹಂಚಿದಾಗ ಪ್ರತಿಯೊಂದಕ್ಕೂ ದೊರೆತದ್ದು ಇಪ್ಪತ್ತೆರಡೂವರೆ ನಿಮಿಷ. ಐದರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳೆಲ್ಲರಿಗೂ ಅದೇ ಪಾಠ, ಅದೇ ಪೆಟ್ಟಿಗೆ. ಮುಂದೆ ಕುಳಿತ ಚಿಕ್ಕವನಿಗೆ ತಿಳಿಯದ್ದು, ಹಿಂದೆ ಕುಳಿತ ದೊಡ್ಡವನಿಗೆ ಆಗಲೇ ತಿಳಿದದ್ದು, ಎರಡೂ ಅದರಲ್ಲಿರುವುದು ಸಹಜವೇ. ಅರ್ಥವಾಗದಿದ್ದರೆ ‘ಇನ್ನೊಮ್ಮೆ ಹೇಳ್ರಿ’ ಎಂದು ಆಕಾಶವನ್ನು ಕೇಳುವಂತಿರಲಿಲ್ಲ. ಅದೇ ಸೀಮೆಯ ಗೋಲಗುಮ್ಮಟ, 1656ರಷ್ಟು ಹಳೆಯ ಕಟ್ಟಡ, ಪಿಸುಮಾತಿಗೂ ಮರುದನಿ ಕೊಡುತ್ತದೆ. ಹೊಸ ಯಂತ್ರಕ್ಕೆ ಆ ಗುಣ ಒದಗಿರಲಿಲ್ಲ.

ಉತ್ತರ ಕೊಡುವ ಹೊಣೆ ಕೊನೆಗೂ ಬಿದ್ದದ್ದು ಮಾಸ್ತರರ ಮೇಲೆ. ಚಿತ್ರ ಮುಗಿದ ಮೇಲೆ ಉಳಿಯುತ್ತಿದ್ದ ಇಡೀ ದಿನವೂ ಅವರದೇ. ಯೋಜನೆಯ ಕರ್ತರು ಇದನ್ನು ಅರಿಯದವರಾಗಿರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಅದೇ ಉಪಗ್ರಹದ ಮೂಲಕ ಎರಡು ಸಲ, ಒಟ್ಟಿನಲ್ಲಿ ಸುಮಾರು 50,000 ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ಇಡೀ ಪ್ರಯೋಗದಲ್ಲಿ ಹಣವು ಅತ್ಯಂತ ಸಾರ್ಥಕವಾದದ್ದು ಬಹುಶಃ ಇಲ್ಲಿಯೇ. ಪೆಟ್ಟಿಗೆ ಕೆಡುತ್ತದೆ, ಬ್ಯಾಟರಿ ಸೋಲುತ್ತದೆ, ಶ್ರಾವಣದ ಕೆಸರಿನಲ್ಲಿ ದುರಸ್ತಿಯ ವಾಹನ ಹೂತುಹೋಗುತ್ತದೆ. ಕಲಿತ ಮಾಸ್ತರರು ಮಾತ್ರ ಮರುದಿನವೂ ಶಾಲೆಗೆ ಬರುತ್ತಾರೆ.

1976ರ ಜುಲೈ 31ಕ್ಕೆ ಗಡುವು ಮುಗಿಯಿತು. ಇನ್ನಷ್ಟು ಕಾಲ ಉಪಗ್ರಹ ಇಲ್ಲಿಯೇ ಇರಲೆಂದು ಬಯಸಿದವರಿದ್ದರು. ಎರವಲಿನ ಒಡವೆಯನ್ನು ಹಬ್ಬ ಮುಗಿದ ಮೇಲೆ ಇಟ್ಟುಕೊಳ್ಳಲಾದೀತೆ? ಅದು ತನ್ನ ಒಡೆಯರ ಗೋಲಾರ್ಧಕ್ಕೆ ಸರಿಯಿತು. ಹಳ್ಳಿಯ ಪೆಟ್ಟಿಗೆಗಳು ಕುರುಡಾದವು. ಅಷ್ಟರಲ್ಲಿ ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರೇ ತಂಗಿ ಜನಜೀವನವನ್ನು ಗಮನಿಸಿದ್ದರು. ಮಕ್ಕಳ ಮಾತು ಬೆಳೆದಿತ್ತು, ತಿಳಿಯುವ ಹಂಬಲ ಹೆಚ್ಚಿತ್ತು ಎಂದು ಸಮೀಕ್ಷೆಗಳು ಹೇಳಿದವು. ಆದರೆ ಶಾಲೆಗೆ ಸೇರುವವರ ಸಂಖ್ಯೆಯನ್ನಾಗಲಿ, ನಡುವೆ ಬಿಟ್ಟುಹೋಗುವವರ ಸಂಖ್ಯೆಯನ್ನಾಗಲಿ ಅದು ಹೇಳಿಕೊಳ್ಳುವಂತೆ ಬದಲಿಸಲಿಲ್ಲ. ಕಳೆ ಕೀಳುವ ಕಾಲಕ್ಕೆ ಹೊಲಕ್ಕೆ ಹೋಗಲೇಬೇಕಾದ ಹುಡುಗಿಯನ್ನು ಯಾವ ಚಿತ್ರ ತಾನೆ ಹಿಡಿದು ಕೂಡಿಸೀತು!

1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಗೋಪುರ ಎದ್ದಿತು. ಅದರ ಅಲೆ ಮುಟ್ಟುವಷ್ಟು ಸಮೀಪದ ಊರುಗಳಲ್ಲಿ ಪೆಟ್ಟಿಗೆಗೆ ಮತ್ತೆ ಜೀವ ಬರುವಂತಾಯಿತು. ದೂರದವುಗಳಿಗೆ ಆ ಭಾಗ್ಯವಿಲ್ಲ. ರಾಜ್ಯದ ದಕ್ಷಿಣದ ತುದಿಯಲ್ಲಿಯೂ ಇಂಥದೇ ಇನ್ನೊಂದು ಅಧ್ಯಾಯ ನಡೆಯಿತು. 2004ರ ಸೆಪ್ಟೆಂಬರಿನಲ್ಲಿ ಭಾರತವು ಶಿಕ್ಷಣಕ್ಕೆಂದೇ ಹಾರಿಸಿದ ‘ಎಜುಸ್ಯಾಟ್’ ಉಪಗ್ರಹವು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠವನ್ನು ಇಳಿಸಿತು. ಈ ಸಲ ಉಪಗ್ರಹ ಸ್ವಂತದ್ದು. ಅದರ ಆಯುಷ್ಯವೂ 2010ಕ್ಕೆ ತೀರಿತು.

ಜೇವರ್ಗಿ ದಾಟಿದರೆ ಭೀಮೆಯ ಸೇತುವೆ. ಬೇಸಗೆಯಲ್ಲಿ ಹೊಳೆ ತೆಳ್ಳಗಾಗಿ, ಮರಳು ಬಂಡೆಗಳ ನಡುವೆ ಹರಿಯುತ್ತದೆ. ಹತ್ತಿರದ ಊರುಗಳಲ್ಲಿ ಶಾಲೆ ಬಿಡುವ ಹೊತ್ತಿಗೆ, ಪಾಟಿಯ ಕಾಲ ಹೋಗಿ ಪಾಟೀಚೀಲ ಎಂಬ ಹೆಸರಷ್ಟೇ ಉಳಿದ ಚೀಲವನ್ನು ಹೆಗಲಿಗೇರಿಸಿ, ಮಕ್ಕಳು ಧೂಳೆಬ್ಬಿಸುತ್ತ ಮನೆಯ ಕಡೆಗೆ ಓಡುತ್ತವೆ.