ಒಣಗಿದ ಮೇಲೆ ಉಳಿಯುವ ತೂಕ

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಕಾರ್ ಲೀಸಿನ ಎರಡೂ ಕೊಟೇಶನ್ನುಗಳ ಫೋಟೋ ನೋಡಿದೆ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಬಾಯಲ್ಲಿ ಹೇಳಿದ ಅಂಕಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಶನಿವಾರ ನೀನು ಶೋರೂಮಿಗೆ ಹೋಗುವಾಗ ಕೈಯಲ್ಲಿರಲಿ ಅಂತ ಬರೆಯುತ್ತಿದ್ದೇನೆ.

ಅಕ್ಕ ಮೊನ್ನೆ ಬೆಂಗಳೂರಿನಿಂದ ಫೋನ್ ಮಾಡಿ, "ಅವಳಿಗೆ ನೀನಾದರೂ ಬುದ್ಧಿ ಹೇಳೋ, ಒಂದು ಕೊರೊಲ್ಲಾ ತಗೊಂಡರೆ ಸಾಲದೇನು?" ಅಂದಳು. ನಾನು ಹಾಗೆ ಹೇಳುವವನಲ್ಲ. ಓದಿನ ಸಾಲವನ್ನು ಒಬ್ಬಳೇ ತೀರಿಸಿದ್ದೀಯ. ನಾಲ್ಕು ವರ್ಷ ಬಸ್ಸು, ರೈಲು, ಗೆಳತಿಯರ ಕಾರು ಅಂತ ದಿನ ದೂಡಿದ್ದೀಯ. ಟೆಸ್ಟ್ ಡ್ರೈವ್ ಮುಗಿಸಿ ಬಂದ ದಿನ ನೀನು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ: "ಮಾವ, ತಿರುವಿನಲ್ಲಿ ಕಾರು ನನ್ನ ಸೊಂಟದಿಂದಲೇ ತಿರುಗಿದ ಹಾಗಾಯ್ತು." ಸರಿಯಾಗಿ ಹಿಡಿದಿದ್ದೀಯ. ಆ ಕಾರಿನಲ್ಲಿ ದೂಡುವ ಕೆಲಸ ಹಿಂದಿನ ಚಕ್ರಗಳದ್ದು, ಮುಂದಿನವಕ್ಕೆ ತಿರುಗುವುದೊಂದೇ ಕೆಲಸ. ಅದಕ್ಕೇ ಸ್ಟೀರಿಂಗು ಅಷ್ಟು ಹಗುರ, ಅಷ್ಟು ನಿಖರ. ಈ ಸುಖ ಗೊತ್ತಾದವರಿಗೆ ಕೊರೊಲ್ಲಾ ಸಾಕು ಅಂತ ಹೇಳುವ ಮನಸ್ಸು ನನಗಿಲ್ಲ. ತಗೋ. ಆದರೆ ಲೆಕ್ಕ ತಿಳಿದು ತಗೋ.

ಲೀಸ್ ಅನ್ನುವ ಪದವೇ ನಮ್ಮವರನ್ನು ಮೊದಲು ದಾರಿ ತಪ್ಪಿಸುತ್ತದೆ. ನೀವು ರಾಜಾಜಿನಗರದಲ್ಲಿ ಲೀಸಿಗಿದ್ದ ಮನೆ ನೆನಪಿದೆಯಲ್ಲ? ಭಾವ ಮನೆಯ ಮಾಲೀಕರಿಗೆ ಇಡಿಗಂಟು ಕೊಟ್ಟರು, ಬಾಡಿಗೆಯಿಲ್ಲದೆ ಮೂರು ವರ್ಷ ಇದ್ದಿರಿ, ಬಿಡುವಾಗ ಅಷ್ಟೂ ದುಡ್ಡು ವಾಪಸ್ ಬಂತು. ಊರ ಕಡೆ ಅದನ್ನೇ ಭೋಗ್ಯ ಅನ್ನುತ್ತೇವೆ. ಆ ಅಭ್ಯಾಸದಲ್ಲಿ ಬೆಳೆದವರಿಗೆ ಮುಂಗಡ ಜಾಸ್ತಿ ಕೊಟ್ಟಷ್ಟೂ ಕ್ಷೇಮ ಅನ್ನಿಸುತ್ತದೆ. ಅಮೆರಿಕದ ಕಾರಿನ ಲೀಸಿನಲ್ಲಿ ಸಹಿ ಹಾಕುವಾಗ ಕಟ್ಟುವ ಡೌನ್ ಪೇಮೆಂಟ್ ಬಾಡಿಗೆಯ ಒಂದು ಪಾಲು, ಮೊದಲೇ ಕೊಟ್ಟುಬಿಟ್ಟದ್ದು ಅಷ್ಟೆ. ಮೂರು ವರ್ಷದ ಮೇಲೆ ಕೀಲಿ ಒಪ್ಪಿಸಿ ಬರುವಾಗ ಅದರಲ್ಲಿ ಒಂದು ಡಾಲರೂ ಹಿಂದಕ್ಕೆ ಬರುವುದಿಲ್ಲ.

ಈಗ ನಿನ್ನ ಎರಡು ಕಾಗದಗಳಿಗೆ ಬರೋಣ. ಜೆನೆಸಿಸ್ ಜಿ70ಗೆ ತಿಂಗಳಿಗೆ 593 ಡಾಲರ್, ಬಿಎಂಡಬ್ಲ್ಯು 330ಐಗೆ 707. ಜೆನೆಸಿಸ್‌ನ ಸ್ಟಿಕರ್ ಬೆಲೆ 46,000, ಬಿಎಂಡಬ್ಲ್ಯುದು 50,000. ಎರಡು ಕಡೆಯಿಂದಲೂ ಜೆನೆಸಿಸ್ಸೇ ಅಗ್ಗ ಅಂತ ನೀನು ಬರೆದಿದ್ದೀಯ. ಆದರೆ ಜೆನೆಸಿಸ್ ಕಾಗದದ ಕೆಳಗೆ ಸಣ್ಣಕ್ಷರದಲ್ಲಿ 5,000 ಡೌನ್ ಇದೆ. ಬಿಎಂಡಬ್ಲ್ಯು ಕಾಗದದಲ್ಲಿ ಡೌನ್ ಸೊನ್ನೆ. 593ನ್ನು 36ರಿಂದ ಗುಣಿಸಿ 5,000 ಕೂಡಿಸು: ಸುಮಾರು 26,350. 707ನ್ನು 36ರಿಂದ ಗುಣಿಸು: ಸುಮಾರು 25,450. ತೆರಿಗೆ ಬಿಟ್ಟು, ಮೂರು ವರ್ಷದಲ್ಲಿ ನಿನ್ನ ಕೈ ಬಿಟ್ಟು ಹೋಗುವ ದುಡ್ಡು ಇದು. ಅಗ್ಗವಾಗಿ ಕಂಡದ್ದೇ ದುಬಾರಿ. ತಿಂಗಳ ಕಂತು ಅನ್ನುವುದು ಡೌನ್ ಏರಿಸಿ ಎಷ್ಟು ಬೇಕಾದರೂ ಇಳಿಸಬಹುದಾದ ಅಂಕಿ.

ಸ್ಟಿಕರ್ ಬೆಲೆ 4,000 ಕಡಿಮೆ ಇರುವ ಕಾರಿಗೆ ಬಾಡಿಗೆ ಹೆಚ್ಚು ಹೇಗೆ ಅಂತ ಕೇಳುತ್ತೀಯ. ಇಲ್ಲಿ ನಿನ್ನಜ್ಜನನ್ನು ಕರೆಯಬೇಕು. ತಿಪಟೂರಿನ ಕೊಬ್ಬರಿ ಮಂಡಿಗೆ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗುತ್ತಿದ್ದೆ. ರೈತರು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಕಾಯಿ ತರುತ್ತಿದ್ದರು. ಅಪ್ಪ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಗಿಟುಕು ಬಿಡಿಸಿಕೊಂಡು ಗಡಗಡ ಉರುಳಿದರೆ ಅವರ ಮುಖ ಅರಳುತ್ತಿತ್ತು. ಹಸಿ ಕಾಯಿಯ ತೂಕ ಅವರಿಗೆ ಬೇಕೇ ಇರಲಿಲ್ಲ. "ಒಣಗಿದ ಮೇಲೆ ಉಳಿಯೋದೆಷ್ಟು, ಅದನ್ನ ಹೇಳು" ಅನ್ನುತ್ತಿದ್ದರು.

ಲೀಸಿನಲ್ಲಿ ಆ ಉಳಿಯುವ ತೂಕಕ್ಕೆ ರೆಸಿಡ್ಯುಯಲ್ ಅನ್ನುತ್ತಾರೆ. 36 ತಿಂಗಳ ಮೇಲೆ ಕಾರಿಗೆ ಎಷ್ಟು ಬೆಲೆ ಇರುತ್ತದೆ ಅಂತ ಲೀಸ್ ಕೊಡುವ ಹಣಕಾಸು ಕಂಪನಿ ಮೊದಲೇ ಬರೆದಿಡುತ್ತದೆ. ಅದನ್ನು ಹಾಕುವುದು ಸ್ಟಿಕರ್ ಬೆಲೆಯ ಮೇಲೆ, ನೀನು ಚೌಕಾಸಿ ಮಾಡಿದ ಬೆಲೆಯ ಮೇಲಲ್ಲ. ನಿನ್ನ ಕಾಗದದಲ್ಲಿ 330ಐಗೆ ನೂರಕ್ಕೆ 57, ಅಂದರೆ 28,500. ಜಿ70ಗೆ ನೂರಕ್ಕೆ 50, ಅಂದರೆ 23,000. ಬಿಎಂಡಬ್ಲ್ಯುವಿನ ಮಾತಾಡಿದ ಬೆಲೆ 46,500, ಅದಕ್ಕೆ 900 ಶುಲ್ಕ ಸೇರಿ 47,400. ಅದರಿಂದ 28,500 ಕಳೆದರೆ ನೀನು ಸವೆಸುವುದು 18,900. ಜೆನೆಸಿಸ್‌ನಲ್ಲಿ ಶುಲ್ಕ ಸೇರಿ 44,400, ಅದರಿಂದ 23,000 ಹೋದರೆ 21,400. ಲೀಸಿನಲ್ಲಿ ನೀನು ಇಡೀ ಕಾರು ಕೊಳ್ಳುತ್ತಿಲ್ಲ ಪುಟ್ಟಿ, ಈ ಎರಡು ಬೆಲೆಗಳ ನಡುವಿನ ಅಂತರವನ್ನಷ್ಟೇ ಕೊಳ್ಳುತ್ತಿದ್ದೀಯ. ಈ ಅಂಕಿಗಳು ತಿಂಗಳು ತಿಂಗಳು ಬದಲಾಗುತ್ತವೆ, ಮುಂದಿನ ತಿಂಗಳು ಜೆನೆಸಿಸ್ಸೇ ಗೆಲ್ಲಬಹುದು. ಹಾಗಾಗಿ ಎರಡೂ ಕಾಗದ ಒಂದೇ ವಾರದ್ದಿರಲಿ.

ಉಳಿದದ್ದು ಬಡ್ಡಿ. ಅದಕ್ಕೆ ಮನಿ ಫ್ಯಾಕ್ಟರ್ ಅಂತ ಹೆಸರು. 0.0024 ಥರದ ಪುಟ್ಟ ದಶಾಂಶದಲ್ಲಿ ಬರೆಯುವುದರಿಂದ ಬಡ್ಡಿ ಅಂತಲೇ ಅನ್ನಿಸುವುದಿಲ್ಲ. 2400ರಿಂದ ಗುಣಿಸಿದರೆ ವರ್ಷದ ಬಡ್ಡಿ ದರ ಸಿಗುತ್ತದೆ. 1976ರ ಕನ್ಸ್ಯೂಮರ್ ಲೀಸಿಂಗ್ ಕಾಯ್ದೆಯ ಪ್ರಕಾರ ಒಪ್ಪಂದದ ಕಾಗದದಲ್ಲಿ ಒಟ್ಟು ರೆಂಟ್ ಚಾರ್ಜ್ ಕಾಣಿಸಲೇಬೇಕು. ಮನಿ ಫ್ಯಾಕ್ಟರ್ ಕಾಣಿಸಬೇಕೆಂದಿಲ್ಲ. ಆದರೆ ಒಂದು ಗೊತ್ತಾದರೆ ಇನ್ನೊಂದನ್ನು ತೆಗೆಯಬಹುದು. ನಿನ್ನ ಬಿಎಂಡಬ್ಲ್ಯು ಕಾಗದದಲ್ಲಿ ರೆಂಟ್ ಚಾರ್ಜ್ 6,558. ಅದನ್ನು 36ರಿಂದ ಭಾಗಿಸಿ, ಬಂದದ್ದನ್ನು 47,400 ಮತ್ತು 28,500ರ ಮೊತ್ತದಿಂದ ಭಾಗಿಸಿದೆ: 0.0024 ಬಂತು, ಅಂದರೆ 5.76 ಪರ್ಸೆಂಟ್. ನಿನ್ನೆ ಇಲ್ಲಿ ಆಸ್ಟಿನ್‌ನಲ್ಲಿ ಇನ್ನೊಬ್ಬ ಡೀಲರ್ ಹತ್ತಿರ ಅದೇ ಕಾರಿಗೆ ಅದೇ ಅವಧಿಗೆ ಕೇಳಿದರೆ 0.0020 ಅಂದ. ಮೂಲ ದರದ ಮೇಲೆ ಡೀಲರ್ ತನ್ನ ಪಾಲು ಏರಿಸಿಕೊಳ್ಳುವುದುಂಟು. ಈ ಚೂರು ವ್ಯತ್ಯಾಸಕ್ಕೆ ತಿಂಗಳಿಗೆ 30 ಡಾಲರ್, 36 ತಿಂಗಳಿಗೆ ಸುಮಾರು 1,080 ಡಾಲರ್. ಶನಿವಾರ ಹೋದಾಗ ಮೊದಲು ಕಾರಿನ ಬೆಲೆ ಮಾತಾಡು, ಆಮೇಲೆ "ನಿಮ್ಮ ಮೂಲ ಮನಿ ಫ್ಯಾಕ್ಟರ್ ಎಷ್ಟು, ಏರಿಸಿದ್ದೆಷ್ಟು?" ಅಂತ ನೇರವಾಗಿ ಕೇಳು. "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಅಂತ ಅವರು ಕೇಳಿದರೆ ಉತ್ತರ ಕೊಡಬೇಡ. ಏರಿಸಿದ್ದನ್ನು ತೆಗೆಸಿದರೆ ಕಂತು 677ಕ್ಕೆ ಬರುತ್ತದೆ, ಒಟ್ಟು ಸುಮಾರು 24,370.

ಡೌನ್ ಬೇಡ ಅಂತ ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಅಕ್ಕನಿಗೂ ಪೂರ್ತಿ ಹೇಳಿಲ್ಲ. ನನ್ನ ಮೊದಲ ಲೀಸ್ ಕಾರು ನೆನಪಿದೆಯಾ, ಬೂದು ಬಣ್ಣದ್ದು? ಕಂತು ಕಡಿಮೆಯಾಗಲಿ ಅಂತ 4,500 ಡಾಲರ್ ಡೌನ್ ಕಟ್ಟಿದ್ದೆ. ಮೂರನೇ ತಿಂಗಳಿನಲ್ಲಿ, ಹಸಿರು ದೀಪ ಬಂದು ನಾನು ಹೊರಟಾಗ, ಪಕ್ಕದ ರಸ್ತೆಯಿಂದ ಒಂದು ಪಿಕಪ್ ಕೆಂಪು ದಾಟಿ ಬಂದು ಗುದ್ದಿತು. ನನಗೆ ಭುಜದ ಮೇಲೆ ಬೆಲ್ಟಿನ ಬರೆ ಬಿಟ್ಟು ಏನೂ ಆಗಲಿಲ್ಲ, ದೇವರು ದೊಡ್ಡವನು. ಕಾರು ಗುಜರಿಗೆ ಹೋಯಿತು. ವಿಮೆ ಕೊಟ್ಟ ದುಡ್ಡು ಲೀಸ್ ಕಂಪನಿಗೆ ಹೋಯಿತು, ಕಮ್ಮಿ ಬಿದ್ದದ್ದನ್ನು ಗ್ಯಾಪ್ ವಿಮೆ ತುಂಬಿತು. ನನ್ನ 4,500? ಅದು ಕಂಪನಿಯ ಪುಸ್ತಕದಲ್ಲಿ ಯಾವತ್ತೋ ಬಾಡಿಗೆಯಾಗಿ ಜಮಾ ಆಗಿತ್ತು. ಆ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಒಪ್ಪಂದದ ಕಾಗದ ಹರಡಿಕೊಂಡು, ಆ ದುಡ್ಡು ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ಹುಡುಕಿದ್ದು ಇವತ್ತಿಗೂ ಮರೆತಿಲ್ಲ. ನಿನಗೆ ಹಾಗಾಗಬಾರದು. ಒಪ್ಪಂದದಲ್ಲಿ ಗ್ಯಾಪ್ ವಿಮೆ ಸೇರಿದೆಯೋ ಇಲ್ಲವೋ ಓದಿ ನೋಡು. ತುಂಬಾ ಲೀಸುಗಳಲ್ಲಿ ಸೇರಿರುತ್ತದೆ, ಎಲ್ಲದರಲ್ಲೂ ಅಲ್ಲ.

ಆ 5,000 ನಿನ್ನ ಹತ್ತಿರ ಇದ್ದೇ ಇದೆಯಲ್ಲ, ಅದಕ್ಕೆ ನಿಜವಾದ ಭೋಗ್ಯದಂಥ ಜಾಗ ಒಂದಿದೆ. ಕೆಲವು ಕಂಪನಿಗಳು ಹೆಚ್ಚುವರಿ ಭದ್ರತಾ ಠೇವಣಿ ಇಟ್ಟುಕೊಂಡು ಮನಿ ಫ್ಯಾಕ್ಟರ್ ಇಳಿಸುತ್ತವೆ. ಇದು ಮಾತ್ರ ಕೊನೆಗೆ ವಾಪಸ್ ಬರುವ ದುಡ್ಡು. ಒಂದು ಠೇವಣಿಗೆ 0.00005 ಇಳಿಸುತ್ತಾರೆ ಅಂತಿಟ್ಟುಕೋ. 700ರಂತೆ ಏಳು ಇಟ್ಟರೆ 4,900. ತಿಂಗಳಿಗೆ 26 ಡಾಲರ್ ಚಿಲ್ಲರೆ ಇಳಿಯುತ್ತದೆ, ಮೂರು ವರ್ಷಕ್ಕೆ ಸುಮಾರು 955 ಉಳಿತಾಯ. ವರ್ಷಕ್ಕೆ ನೂರಕ್ಕೆ ಆರೂವರೆ ಬಂದ ಹಾಗಾಯಿತು. ಕ್ಯಾಲಿಫೋರ್ನಿಯಾದಲ್ಲಿ, ಈ ಕಾರಿಗೆ, ಈ ತಿಂಗಳು ಅದು ಉಂಟೋ ಅಂತ ಕೇಳು. ನಾವಾಗಿ ಕೇಳದಿದ್ದರೆ ಅವರಾಗಿ ಹೇಳುವುದು ಅಪರೂಪ.

ಮೈಲಿಯ ವಿಷಯ. ಎರಡೂ ಕಾಗದ ವರ್ಷಕ್ಕೆ 10,000 ಮೈಲಿಯದು. ಫ್ರೀಮಾಂಟಿನಿಂದ ಮೌಂಟನ್ ವ್ಯೂ ಆಫೀಸಿಗೆ ಹೋಗಿ ಬರುವುದು ದಿನಕ್ಕೆ 40 ಮೈಲಿ ಅಂದರೂ, ವಾರಕ್ಕೆ ಮೂರು ದಿನದ ಲೆಕ್ಕದಲ್ಲಿ ಅದೇ ಸುಮಾರು 6,000 ಆಗುತ್ತದೆ. ಲಿವರ್‌ಮೋರ್ ದೇವಸ್ಥಾನ, ಗೆಳತಿಯರ ಜೊತೆ ಟಾಹೋ, ಇಂಥ ಕಾರು ಸಿಕ್ಕ ಮೇಲೆ ಸುಮ್ಮನೆ ಹೋಗುವ ಸುತ್ತು ಎಲ್ಲ ಸೇರಿಸು. 12,000 ಬರೆಸು. ರೆಸಿಡ್ಯುಯಲ್ ಒಂದು ಪರ್ಸೆಂಟ್ ಇಳಿದರೆ ನಿನಗೆ ತಿಂಗಳಿಗೆ 13 ಡಾಲರ್ ಹೆಚ್ಚಾಗುತ್ತದೆ. ಬರೆಸದೆ ಮೂರು ವರ್ಷದಲ್ಲಿ 6,000 ಮೈಲಿ ಮೀರಿದರೆ, ಮೈಲಿಗೆ 25 ಸೆಂಟ್‌ನಂತೆ 1,500 ದಂಡ. ತೆರಿಗೆಯಲ್ಲಿ ನೀನು ಪುಣ್ಯವಂತೆ. ನಿಮ್ಮಲ್ಲಿ ಲೀಸಿಗೆ ಕಟ್ಟುವ ದುಡ್ಡಿನ ಮೇಲಷ್ಟೇ ತೆರಿಗೆ, ನಮ್ಮ ಟೆಕ್ಸಸ್‌ನಲ್ಲಿ ಲೀಸ್ ಕಾರಿಗೂ ಪೂರ್ತಿ ಬೆಲೆಯ ಮೇಲೆ 6.25 ಪರ್ಸೆಂಟ್ ಬೀಳುತ್ತದೆ. ನಿನ್ನ ಸಹೋದ್ಯೋಗಿ ಹೋದ ವರ್ಷ ಎಲೆಕ್ಟ್ರಿಕ್ ಸೆಡಾನ್ ಬಹಳ ಅಗ್ಗಕ್ಕೆ ಲೀಸ್ ಮಾಡಿದ ಅಂದೆಯಲ್ಲ, ಆಗ ಲೀಸಿನ ಮೂಲಕ ಸಿಗುತ್ತಿದ್ದ 7,500 ಡಾಲರಿನ ಕೇಂದ್ರದ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆ ಅಂಕಿಯ ಜೊತೆ ನಿನ್ನದನ್ನು ಹೋಲಿಸಬೇಡ.

ಎರಡರಲ್ಲಿ ಯಾವುದು ಅಂತ ಕೇಳಿದ್ದೀಯ. ಜಿ70 ಒಳ್ಳೆಯ ಕಾರು, 2019ರಲ್ಲಿ ಉತ್ತರ ಅಮೆರಿಕದ ವರ್ಷದ ಕಾರು ಅಂತ ಪ್ರಶಸ್ತಿ ಪಡೆದದ್ದು. 330ಐಯ 255 ಅಶ್ವಶಕ್ತಿಗೆ ಇದರದ್ದು 300. ಎಂಜಿನ್ನು, ಗೇರಿಗೆ ಹತ್ತು ವರ್ಷದ ವಾರಂಟಿ. ಆದರೆ ಮೂರು ವರ್ಷಕ್ಕೆ ಒಪ್ಪಿಸುವ ನಿನಗೆ ಆ ಹತ್ತು ವರ್ಷದಿಂದ ಏನು ಸಿಕ್ಕಿತು? ಮೂರು ವರ್ಷ ಅಥವಾ 36,000 ಮೈಲಿಯ ಉಚಿತ ಸರ್ವೀಸು ಎರಡಕ್ಕೂ ಇದೆ, ಅದು ನಿನ್ನ ಲೀಸಿನ ಅವಧಿಗೆ ಸರಿಯಾಗಿ ಕೂರುತ್ತದೆ. ಕೊಂಡು ಹತ್ತು ವರ್ಷ ಇಟ್ಟುಕೊಳ್ಳುವ ಹಾಗಿದ್ದರೆ ಕಣ್ಣು ಮುಚ್ಚಿ ಜಿ70 ಅನ್ನುತ್ತಿದ್ದೆ. ಲೀಸ್ ಅಂದರೆ, ಈ ಕಾಗದಗಳ ಮೇಲೆ, 330ಐ. ಅದರಲ್ಲೂ 19 ಇಂಚಿನ ಚಕ್ರ ಬೇಡ, 18 ಸಾಕು. ಫುಟ್‌ಪಾತ್ ಅಂಚಿಗೆ ತಾಗಿದ ರಿಮ್ಮಿನ ಗೀರು, ಸವೆದ ಟೈರು, ಎರಡಕ್ಕೂ ವಾಪಸ್ ಕೊಡುವ ದಿನ ಬಿಲ್ಲು ಬರೆಯುತ್ತಾರೆ.

ಸಹಿ ಹಾಕುವ ಮುಂಚೆ ಒಪ್ಪಂದದ ಪುಟಗಳನ್ನು ನನಗೆ ಕಳಿಸು. ಶನಿವಾರ ಬೆಳಗಿನಿಂದ ಫೋನ್ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ. "ಇವತ್ತು ಬಿಟ್ಟರೆ ಈ ರೇಟು ಸಿಗಲ್ಲ" ಅಂತ ಅವಸರ ಮಾಡಿದರೆ ಎದ್ದು ಬಾ, ಇನ್ನೊಂದು ಶೋರೂಮಿದೆ. ಅಕ್ಕನಿಗೆ ಸುದ್ದಿ ನೀನೇ ಹೇಳು. ಕಾರಿನ ಹೆಸರಿನ ಜೊತೆಗೆ ಈ ಲೆಕ್ಕವನ್ನೂ ಓದಿ ಹೇಳು, ಅವಳೂ ಮಂಡಿಯವರ ಮಗಳು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾನೂ ಅತ್ತೆಯೂ ಬರುತ್ತೇವೆ. ಒಂದು ಬೆಳಿಗ್ಗೆ ಬೇಗ ಎದ್ದು ಸ್ಕೈಲೈನ್ ಬುಲವಾರ್ಡ್ ಕಡೆ ಹೋಗೋಣ. ಕೆಂಪುಮರಗಳ ನಡುವೆ ತಿರುವು ಜಾಸ್ತಿ ಅಲ್ಲಿ. ನೀನೇ ಓಡಿಸು, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ ಪ್ರೀತಿಯ
ಮಾವ